ಪಟ್ಟಿ ಕಟ್ಟಿದವರು ಯಾರು?

ಇಂಚರಾ ಹಳೆಯ ಪೇಪರನ್ನು ಎರಡಾಗಿ ಮಡಚಿದಳು. ಕುಕ್ಕರಗಾಲಲ್ಲಿ ಕೂತು, ಟೆರೇಸಿನ ನೆಲದ ಮೇಲೆ ಬಿದ್ದಿದ್ದ ನಾಯಿಯ ಹೊಲಸನ್ನು ಅದರಿಂದ ಬಾಚಿ ಕವರಿಗೆ ಹಾಕಿದಳು. ಕವರಿನ ಬಾಯಿ ಬಿಗಿದು ಗಂಟು ಹಾಕಿದಳು. ಬಕೆಟಿನ ನೀರು ಸುರಿದು, ಫಿನಾಯಿಲ್ ಚಿಮುಕಿಸಿ, ಪೊರಕೆಯಿಂದ ಉಜ್ಜಿದಳು.

ಎದುರಿನ ಬ್ಲಾಕಿನ ಬಾಲ್ಕನಿಯಲ್ಲಿ ಒಬ್ಬರು ಚಹಾದ ಲೋಟ ಹಿಡಿದು ನೋಡುತ್ತಿದ್ದರು. ಇನ್ನೊಬ್ಬರು ಫೋನ್ ಎತ್ತಿ ಹಿಡಿದಿದ್ದರು. ಈ ಫೋಟೋ ಇಷ್ಟರಲ್ಲೇ ಫ್ಲಾಟಿನ ವಾಟ್ಸಾಪ್ ಗುಂಪಿಗೆ ಹೋಗಿರುತ್ತದೆ, ಕೆಳಗೊಂದು 'ಅಯ್ಯೋ ಕಷ್ಟಂ' ಕೂಡ ಬಿದ್ದಿರುತ್ತದೆ. ಕೆಳಗಿಳಿದು ಬಂದು ಬಕೆಟ್ ಹಿಡಿಯುವವರು ಮಾತ್ರ ಯಾರೂ ಇಲ್ಲ.

ಇಂಚರಾ ತಲೆ ಎತ್ತಲಿಲ್ಲ.

ಈ ಹೊಲಸು ಇವತ್ತು ಬೆಳಗಿನ ಜಾವದ್ದು. ಬೆಲ್ಲ ಊರು ಬಿಟ್ಟು ಆಗಲೇ ವಾರವಾಗಿತ್ತು.

ಬೆಲ್ಲ ಅಂದರೆ ಪಕ್ಕದ ಮನೆಯ ಯಜ್ಞನಾರಾಯಣ ಸರ್ ಸಾಕಿದ ಕಂದು ನಾಯಿ. ಕಳಕ್ಕೂಟಂನ ಈ ಮಯೂಖಂ ಫ್ಲಾಟಿನಲ್ಲಿ ಇದ್ದದ್ದು ಅದೊಂದೇ ನಾಯಿ. ಹಿಂದಿನ ಮೆಟ್ಟಿಲ ಕತ್ತಲಲ್ಲಿ ವಾಚ್‌ಮನ್ ಜೋಸೆಫ್ ಅವರ ಕಾಲಿಗೆ ನಾಯಿ ಕಚ್ಚಿದ ದಿನವೇ ಅಸೋಸಿಯೇಷನ್ ಅದಕ್ಕೆ ಗೇಟು ತೋರಿಸಿತ್ತು. ಆವತ್ತು ಟೆರೇಸಿನಲ್ಲಿ ತಾವೇ ಅದರ ಹಗ್ಗ ಬಿಚ್ಚಿ ಬಿಟ್ಟಿದ್ದರಿಂದ ಸರ್ ವಾದಿಸಲಿಲ್ಲ, ಅದನ್ನು ಕರೆದುಕೊಂಡು ಫೋರ್ಟ್ ಕೊಚ್ಚಿಯ ಮಗಳ ಮನೆಗೆ ಹೊರಟುಹೋಗಿದ್ದರು.

ಜೋಸೆಫ್ ಮೊದಮೊದಲು ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರು. ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಬೆಲ್ಲನಿಗೆ ವರ್ಷ ವರ್ಷವೂ ಚುಚ್ಚಿಸಿದ್ದಾರಲ್ಲ, ಇನ್ಯಾತರ ಭಯ ಎಂದು ಫ್ಲಾಟಿನವರೆಲ್ಲ ಧೈರ್ಯ ಹೇಳಿದ್ದರು.

ಕಚ್ಚಿದ್ದು ಬೆಲ್ಲನೇ ಅಲ್ಲದಿದ್ದರೆ?

ಬೀದಿನಾಯಿ ಐದು ಮಹಡಿ ಹತ್ತಿ ಟೆರೇಸಿಗೆ ಬರುವುದಿಲ್ಲ. ಬಂದರೂ ಬಾಗಿಲಿನ ಚಿಲಕ ತಾನೇ ತೆಗೆಯುವುದಿಲ್ಲ.

"ಅಯ್ಯೋ, ನೀನ್ಯಾಕೆ ಇದಕ್ಕೆ ಕೈ ಹಾಕ್ದೆ?"

ಒದ್ದೆ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಸೀತಮ್ಮ ಮೇಲೆ ಬಂದಿದ್ದರು. ಇಂಚರಾಳ ದೊಡ್ಡಮ್ಮ. ಒಬ್ಬಳೇ ಇರುವ ಹುಡುಗಿಗೆ ಅಡುಗೆ ಮಾಡಿಕೊಡಲು ಮೈಸೂರಿನಿಂದ ಬಂದವರು. ಬಂದು ಎಷ್ಟು ದಿನವಾದರೂ ಮಲಯಾಳ ಮಾತ್ರ ಒಂದಕ್ಷರ ಹತ್ತಿರ ಸೇರಿಸಿರಲಿಲ್ಲ.

"ಯಾರಾದ್ರೂ ತುಳೀತಾರೆ ದೊಡ್ಡಮ್ಮ."

"ತುಳೀಲಿ! ಒಂದ್ಸಲ ತುಳಿದ್ರೆ ಬುದ್ಧಿ ಬರತ್ತೆ. ನೀನು ಸರ್ ಅಂತೀಯಲ್ಲ, ಆ ಮೇಷ್ಟ್ರಂಥಾ ಮನುಷ್ಯ ಲಿಫ್ಟ್ ಮುಂದೆ ಹಗ್ಗ ಗಿಡ್ಡ ಮಾಡ್ಕೊಂಡು 'ಬರಬಹುದಾ' ಅಂತ ಕೇಳ್ತಿದ್ರು. ಬೇಡ ಅಂದ್ರೆ ಮೆಟ್ಲು ಹತ್ತೋರು. ನಾಯಿಗಿದ್ದ ಮರ್ಯಾದೆ ಈ ಜನಕ್ಕಿಲ್ವಲ್ಲೇ."

"ದೊಡ್ಡಮ್ಮ, ಆವತ್ತಿಂದು ಇನ್ನೊಂದ್ಸಲ ಹೇಳಿ."

"ಎಷ್ಟ್ ಸಲ ಹೇಳ್ಲಿ? ಹಾಡು ಕಲ್ತಂಗೆ ಕಲ್ತ್ಬಿಟ್ಟಿದೀನಿ." ಸೀತಮ್ಮ ಸೀರೆಯೊಂದನ್ನು ಕೊಡವಿ ತಂತಿಯ ಮೇಲೆ ಎಸೆದರು. "ನಸುಕಿನಲ್ಲಿ ಹಾಲು ತಗೊಂಡು ಬರ್ತಿದ್ದೆ. ಲಿಫ್ಟಲ್ಲಿ ನಾನಿದ್ದೆ, ಮೇಷ್ಟ್ರು ಇದ್ರು, ಅವ್ರ ಕಾಲ ಹತ್ರ ಬೆಲ್ಲ ಇತ್ತು. ನಾಲ್ಕನೇ ಮಹಡೀಲಿ ಬಾಗಿಲು ತೆಗೀತು. ಆಗ ಮೇಲ್ಗಡೆ ಮೆಟ್ಲಿಂದ ಒಬ್ಳು ಹೆಂಗಸು ಕೂಗಿದ್ಲು, ಪಟ್ಟಿ ಕಟ್ಟಿಡು ಅಂತ. ನಾನು ಇಳಿದೆ. ಅವ್ರಿಬ್ರೂ ಗಾಳಿ ಕುಡಿಯೋಕೆ ಟೆರೇಸಿಗೆ ಹೋದ್ರು. ಆಮೇಲೆ ತಾನೇ ಆ ಜೋಸೆಫು ಅಮ್ಮಾ ಅಂತ ಚೀರಿದ್ದು!"

ಬೆಲ್ಲ ಕಚ್ಚಿತೆಂದು ನಂಬಲಾಗದೆ, ಈ ಒಂದು ಮಾತಿನ ಬಾಲ ಹಿಡಿದು ಇಂಚರಾ ವಾರವಿಡೀ ಅಲೆದಿದ್ದಳು. ಜೋಸೆಫ್‌ಗೆ ಕಚ್ಚುವುದಕ್ಕೂ ಮೊದಲೇ ಯಾರಿಗೋ ಗಾಯವಾಗಿದೆ, ಯಾರೋ ಪಟ್ಟಿ ಕಟ್ಟಿದ್ದಾರೆ, ಆ ಯಾರೋ ಕನ್ನಡದವಳು ಎಂದು ಲೆಕ್ಕ ಹಾಕಿದ್ದಳು. ಐಟಿ ಪಾರ್ಕಿನಲ್ಲಿ ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕಿ ಸಂಬಳ ಎಣಿಸುವ ಹುಡುಗಿ, ಆಫೀಸು ಬಿಟ್ಟ ಮೇಲೆ ಮೆಡಿಕಲ್ ಶಾಪಿನಿಂದ ಮೆಡಿಕಲ್ ಶಾಪಿಗೆ ಹೋಗಿ ಬ್ಯಾಂಡೇಜ್ ಕೊಂಡ ಹೆಂಗಸು ಯಾರೆಂದು ಕೇಳಿದ್ದಳು. ಒಬ್ಬ ಅಂಗಡಿಯವನು ಅವಳಿಗೇ ತಲೆಗೆ ಪೆಟ್ಟಾಗಿರಬೇಕೆಂದು ಕುರ್ಚಿ ಕೊಟ್ಟಿದ್ದ.

"ಅವಳು ಹೇಳಿದ ಹಾಗೇ ಹೇಳಿ ದೊಡ್ಡಮ್ಮ. ನೀವು ತಿದ್ದಬೇಡಿ."

"ತಿದ್ದದೇ ಏನ್ಮಾಡ್ಲಿ? ಎಂಥ ಕನ್ನಡವೇ ಅದು! ಕಟ್ಟಿ ಅನ್ನೋಕೆ ನಾಲಗೆ ಹೊರಳಲ್ಲ." ಸೀತಮ್ಮ ಮೂಗು ಎಳೆದು ದನಿ ತೆಗೆದರು. "'ಪಟ್ಟಿಯೆ ಕೆಟ್ಟಿಯಿಡ್!' ಅಂತಾಳೆ. ಪಟ್ಟಿ ಕೆಟ್ರೆ ಬಿಸಾಕೋದು ಬಿಟ್ಟು ಇಡು ಅಂತಾಳಲ್ಲ! ಎಲ್ಲೋ ಗಡಿ ಕಡೆಯೋಳು ಇರ್ಬೇಕು."

ಇಂಚರಾ ಪೊರಕೆಯನ್ನು ಗೋಡೆಗೆ ಒರಗಿಸಿದಳು.

ಪಟ್ಟಿ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು. ಬಸ್ ಸ್ಟಾಪಿನ ಚಹಾ ಅಂಗಡಿಯವನು ಬನ್ನಿಗೆ ಬಾಯಿ ಹಾಕಲು ಬಂದದ್ದನ್ನು ಅಟ್ಟುವಾಗ ಅನ್ನುವುದು ಅದನ್ನೇ. ಬೇರೆ ಯಾರ ಬಾಯಿಂದ ಕೇಳಿದ್ದರೂ ಅವಳಿಗೆ ತಕ್ಷಣ ಹೊಳೆಯುತ್ತಿತ್ತು. ದೊಡ್ಡಮ್ಮನ ಬಾಯಲ್ಲಿ ಆ ಮಾತು ಮೈಸೂರು ಸೀರೆ ಉಟ್ಟುಕೊಂಡು ಬಂದಿತ್ತು, ಗುರುತೇ ಸಿಕ್ಕಿರಲಿಲ್ಲ.

"ದೊಡ್ಡಮ್ಮ! ಅದು ಕನ್ನಡ ಅಲ್ಲ!"

"ನಾನೂ ಅದನ್ನೇ ಹೇಳ್ತಿರೋದು. ಅದನ್ನ ಕನ್ನಡ ಅಂತಾರಾ?"

"ಮಲಯಾಳ ದೊಡ್ಡಮ್ಮ. ಮಲಯಾಳದಲ್ಲಿ ಪಟ್ಟಿ ಅಂದ್ರೆ ನಾಯಿ. ಆ ನಾಯೀನ ಕಟ್ಟಿಹಾಕು ಅಂದಿದ್ದಾಳೆ ಅವಳು."

"ನಾಯಿಗೆ ಪಟ್ಟಿ ಅಂತಾರಾ? ಮತ್ತೆ ಪಟ್ಟಿಗೆ ಏನಂತಾರೆ?"

"ಅದು ಬಿಡಿ. ಅವಳು ಹಾಗೆ ಕೂಗಿದಾಗ ಬೆಲ್ಲ ಎಲ್ಲಿತ್ತು?"

"ಅಯ್ಯೋ, ಹೇಳಿದ್ನಲ್ಲೇ, ಮೇಷ್ಟ್ರ ಕಾಲ ಹತ್ರ..."

ಸೀತಮ್ಮನ ಕೈಯಲ್ಲಿದ್ದ ಬಟ್ಟೆಯ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿದ್ದರೂ ಅವರಿಗೆ ಅದರ ಪರಿವೆಯಿರಲಿಲ್ಲ.

"ಇನ್ನೊಂದು ನಾಯಿ," ಎಂದರು ಮೆಲ್ಲಗೆ. "ಇನ್ನೊಂದು ನಾಯಿ ಇತ್ತು ಕಣೇ."

ಇಂಚರಾ ಆಗಲೇ ಫೋನ್ ಕಿವಿಗಿಟ್ಟಿದ್ದಳು. ಜೋಸೆಫ್ ಅವರ ನಂಬರು ಸ್ವಿಚ್ ಆಫ್. ಮೆಟ್ಟಿಲುಗಳನ್ನು ಹಾರುತ್ತಾ ಇಳಿದು ಗೇಟಿಗೆ ಓಡಿದಳು. ಅಲ್ಲಿ ಕೂತಿದ್ದದ್ದು ಬದಲಿಗೆ ಬಂದ ಹೊಸ ವಾಚ್‌ಮನ್.

"ಜೋಸೆಫೇಟ್ಟನ್ ಎವಿಡೆ?" ಜೋಸೆಫಣ್ಣ ಎಲ್ಲಿ ಎಂದು ಕೇಳಿದಳು.

"ನಾಟ್ಟಿಲ್ ಪೋಯಿ, ಮೋಳೆ." ಊರಿಗೆ ಹೋದರು ಮಗಳೇ ಎಂದು ಅವನು ಉತ್ತರದ ಕಡೆ ಕೈ ಬೀಸಿದ. ಕೊಚ್ಚಿ. ಬೆಳಕು ಹರಿಯುವ ಮೊದಲೇ ಹೊರಟರಂತೆ.

ಕೊಚ್ಚಿಯಲ್ಲಿ ಇಂಚರಾಳಿಗೆ ಗೊತ್ತಿದ್ದವರು ಒಬ್ಬರೇ. ಮೊದಲ ರಿಂಗಿಗೇ ಯಜ್ಞನಾರಾಯಣ ಸರ್ ಎತ್ತಿದರು. ಪುತ್ತೂರಿನವರು. ಬಾಹ್ಯಾಕಾಶ ಕೇಂದ್ರದಲ್ಲಿ ದುಡಿದು ನಿವೃತ್ತರಾದರೂ ಪುತ್ತೂರು ನಾಲಗೆಯಿಂದ ನಿವೃತ್ತವಾಗಿರಲಿಲ್ಲ.

"ಎಂತ ಹೇಳ್ತಿ ನೀನು? ನಮ್ಮ ಬೆಲ್ಲ ಅಲ್ವಾ?"

"ಅಲ್ಲ ಸರ್. ಆದ್ರೆ ಖುಷಿ ಆಮೇಲೆ ಪಡೋಣ. ಕಚ್ಚಿದ ನಾಯಿಗೆ ಇಂಜೆಕ್ಷನ್ ಆಗಿದ್ಯೋ ಇಲ್ವೋ ಯಾರಿಗೂ ಗೊತ್ತಿಲ್ಲ. ಜೋಸೆಫೇಟ್ಟನ್ ಚಿಕಿತ್ಸೆ ಅರ್ಧಕ್ಕೆ ಬಿಟ್ಟಿದ್ದಾರೆ. ಅವರು ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ಮನೆ ಗೊತ್ತಾ ನಿಮಗೆ?"

ತನ್ನ ನಾಯಿಯನ್ನು ಹೊರಗೆ ಹಾಕಿದ ಕಟ್ಟಡದ ಸುದ್ದಿ ನನಗೇಕೆ ಎಂದು ಅವರು ಅಂದಿದ್ದರೆ ಯಾರೂ ತಪ್ಪು ಹೇಳುವಂತಿರಲಿಲ್ಲ.

"ಗೊತ್ತುಂಟು. ಮೀನುಬಲೆಗಳ ಹಿಂದಿನ ಓಣಿ," ಎಂದರು ಸರ್. ಆಗಲೇ ಚಪ್ಪಲಿ ಮೆಟ್ಟುವ ಸದ್ದು ಕೇಳುತ್ತಿತ್ತು. "ಈಗ ಹೊರಟೆ, ಮಾರಾಯ್ತಿ. ಬೆಲ್ಲ, ಬಾ."

ಇಂಚರಾ ಲಿಫ್ಟ್ ಹತ್ತಿದಳು.

ಲಿಫ್ಟಿನ ಗೋಡೆಯಲ್ಲಿ ಅಸೋಸಿಯೇಷನ್ನಿನ ನೋಟೀಸುಗಳು ಒಂದರ ಪಕ್ಕ ಒಂದು ಅಂಟಿಕೊಂಡಿದ್ದವು. ದಯವಿಟ್ಟು ನಾಯಿಯನ್ನು ಲಿಫ್ಟಿಗೆ ತರಬೇಡಿ. ದಯವಿಟ್ಟು ನೆರೆಯವರ ನೆಮ್ಮದಿ ಗಮನಿಸಿ. ದಯವಿಟ್ಟು, ದಯವಿಟ್ಟು. ಎಲ್ಲದರ ಕೆಳಗೂ ಒಂದೇ ಸಹಿ: ಶಾಲಿನಿ, ಕಾರ್ಯದರ್ಶಿ.

ಕೂಗು ಬಂದದ್ದು ನಾಲ್ಕನೆಯದರ ಮೇಲಿನಿಂದ, ಅಂದರೆ ಐದನೇ ಮಹಡಿ. ಅಲ್ಲಿ ಎರಡೇ ಮನೆ. ಒಂದರ ಮಾಲೀಕರು ದುಬೈಯಲ್ಲಿ, ಬೀಗದ ಮೇಲೆ ಜೇಡ ಮನೆ ಕಟ್ಟಿದೆ. ಇನ್ನೊಂದು, ಇಂಚರಾ ಚೇಚ್ಚಿ, ಅಂದರೆ ಅಕ್ಕ, ಎಂದು ಕರೆಯುವ ಶಾಲಿನಿಯದು.

ಬೆಲ್ ಒತ್ತುವ ಮೊದಲು ಇಂಚರಾ ಒಂದು ಕ್ಷಣ ನಿಂತು ನೋಡಿದಳು. ಬಾಗಿಲಿನ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಹಲಗೆಗಳು ಖಾಲಿ. ಇದ್ದಬದ್ದ ಚಪ್ಪಲಿಗಳೆಲ್ಲ ಮೇಲಿನ ಹಲಗೆಯಲ್ಲಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಮಕ್ಕಳಿಲ್ಲದ ಮನೆಯಲ್ಲಿ ಚಪ್ಪಲಿಯನ್ನು ಯಾರ ಕೈಗೆ ಸಿಗಬಾರದೆಂದು ಮೇಲಿಡುತ್ತಾರೆ? ಕೈಗಲ್ಲ, ಬಾಯಿಗೆ!

ಬಾಗಿಲಿನ ಕೆಳಗಿನ ಅಂಚಿಗೆ ಗೇಣಗಲ ಹೊಸ ಬಣ್ಣ. ಬೆರಳು ತಾಗಿಸಿದಳು. ಅಂಟಿತು.

ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹಣೆಯಲ್ಲಿ ಚಂದನ, ಮುಖದಲ್ಲಿ ನೋಟೀಸಿನಷ್ಟೇ ಸಭ್ಯವಾದ ನಗು. ಇಬ್ಬರ ನಡುವೆ ಯಾವಾಗಲೂ ಮಲಯಾಳ, ಇಂಗ್ಲಿಷ್ ಎರಡೂ ಕಲಸಿಕೊಂಡು ಓಡುತ್ತಿದ್ದವು.

"ಬಾ ಇಂಚರಾ. ಭಾನುವಾರದ ಮೀಟಿಂಗಿನ ವಿಷಯವಾ? ಯಜ್ಞನಾರಾಯಣ ಸರ್ ಮೇಲೆ ನನಗೇನೂ ಕೋಪ ಇಲ್ಲ. ಆದರೆ ನಿಯಮ ಅಂದರೆ ನಿಯಮ. ಚಾಯ ಕುಡೀತೀಯಾ?"

"ಬೇಡ ಚೇಚ್ಚಿ. ನಿಮ್ಮ ನಾಯಿ ಎಲ್ಲಿ?"

ನಗು ಇದ್ದಲ್ಲೇ ಇತ್ತು. ಕಣ್ಣು ಮಾತ್ರ ಒಮ್ಮೆ ಬಾಗಿಲಿನ ಅಂಚಿಗೆ ಹೋಗಿ ಬಂತು.

"ಯಾವ ನಾಯಿ? ಇಲ್ಲಿ ಇನ್ನು ಮುಂದೆ ನಾಯಿ ಸಾಕಬಾರದು ಅಂತ ನಿಯಮ ಬರೆದವಳೇ ನಾನು."

"ಬರೆದವರು ಯಾರು ಅಂತ ಗೊತ್ತು. ಸಾಕಿದವರು ಯಾರು ಅಂತ ಕೇಳ್ತಿದೀನಿ."

"ಮೋಳೆ, ಮಾತು ನೋಡಿಕೊಂಡು ಆಡು."

"ಈ ಬಾಗಿಲಿಗೆ ಬಣ್ಣ ಯಾಕೆ ಹಚ್ಚಿದ್ರಿ?"

"ಗೆದ್ದಲು ಹಿಡಿದಿತ್ತು."

"ಗೆದ್ದಲಿಗೆ ಉಗುರು ಇರುತ್ತಾ ಚೇಚ್ಚಿ? ಬಣ್ಣದ ಕೆಳಗೆ ಕೆರೆದ ಗೆರೆ ಕಾಣ್ತಿದೆ."

"ನೀನು ಪೊಲೀಸಾ?" ಶಾಲಿನಿಯ ದನಿ ಏರಿತು. "ಆಫೀಸಿಗೆ ರಜಾ ಹಾಕಿ ನೆರೆಯವರ ಬಾಗಿಲು ನೆಕ್ಕುತ್ತಾ ತಿರುಗುವುದೇ ಕೆಲಸವಾ?"

ಇಂಚರಾ ಹಿಂದೆ ಸರಿಯಲಿಲ್ಲ. "ಜೋಸೆಫೇಟ್ಟನ್‌ಗೆ ನಾಯಿ ಕಚ್ಚಿದ ದಿನ ನೀವು ಮೆಟ್ಟಿಲಲ್ಲಿ ನಿಂತು ಒಂದು ಮಾತು ಹೇಳಿದ್ರಿ. ಪಟ್ಟಿಯೆ ಕೆಟ್ಟಿಯಿಡ್. ನಮ್ಮ ದೊಡ್ಡಮ್ಮ ಕೇಳಿಸಿಕೊಂಡಿದ್ದಾರೆ."

"ಆ ಅಮ್ಮನಿಗೆ ಮಲಯಾಳ ಬರುವುದಿಲ್ಲವಲ್ಲ!"

ಮಾತು ಬಾಯಿ ದಾಟಿದ ಮೇಲೆ ಶಾಲಿನಿಗೆ ಅರಿವಾಯಿತು. ನಾನು ಹೇಳಲಿಲ್ಲ ಎಂದಿರಲಿಲ್ಲ ಅವರು. ಆ ಅಮ್ಮನಿಗೆ ಹೇಗೆ ತಿಳಿಯಿತು ಎಂದಿದ್ದರು.

"ಬರಲ್ಲ," ಎಂದಳು ಇಂಚರಾ. "ಬಂದಿದ್ದರೆ ಅರ್ಥ ಮಾತ್ರ ನೆನಪಿರುತ್ತಿತ್ತು. ಬರದೇ ಇದ್ದದ್ದಕ್ಕೆ ಅಕ್ಷರ ಅಕ್ಷರವೂ ನೆನಪಿದೆ."

ಶಾಲಿನಿ ಸೋಫಾದ ಅಂಚಿನಲ್ಲಿ ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಮತ್ತೆ ಸುತ್ತಿದರು.

"ನನ್ನ ಅಣ್ಣನದು," ಎಂದರು ಕೊನೆಗೆ. "ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕ್ವಾರ್ಟರ್ಸು. ಹಡಗಿನ ಕೆಲಸ. ಒಂದು ಸಂಜೆ ಕಾರಲ್ಲಿ ತಂದು ಈ ಬಾಗಿಲ ಮುಂದೆ ಬಿಟ್ಟ. ನಾಲ್ಕು ದಿನ ನೋಡಿಕೋ ಮೋಳೆ ಅಂದ. ಹಡಗು ಹತ್ತಿದವನು ಇನ್ನೂ ಇಳಿದಿಲ್ಲ. ನಾನೇನು ಮಾಡಲಿ? ಲಿಫ್ಟಿನ ತುಂಬ ನನ್ನದೇ ನೋಟೀಸು. ಯಾವ ಮುಖ ಇಟ್ಟುಕೊಂಡು ನನ್ನ ಮನೆಯಲ್ಲೂ ನಾಯಿ ಇದೆ ಅನ್ನಲಿ?"

"ಅದಕ್ಕೆ ಬೆಲ್ಲನ್ನ ಓಡಿಸಿದ್ರಾ?"

"ನಾನು ಬೆಲ್ಲನ ಹೆಸರು ಎತ್ತಲಿಲ್ಲ! ಎಲ್ಲರೂ ಎತ್ತಿದರು. ನಾನು ಸುಮ್ಮನಿದ್ದೆ, ಅಷ್ಟೇ."

"ಆವತ್ತು ಕಟ್ಟಿಹಾಕು ಅಂತ ನೀವು ಹೇಳಿದ್ದು ಯಾರಿಗೆ?"

ಶಾಲಿನಿ ಎದ್ದು ಹೊರಬಾಗಿಲು ಮುಚ್ಚಿ ಬಂದು ಕೂತರು.

"ಚೇಚ್ಚಿ, ಯಾರಿಗೆ?"

"ಜೋಸೆಫ್‌ಗೆ."

ಹಾಗಾದರೆ ಯಾವ ನಾಯಿ ಕಚ್ಚಿತೆಂದು ಜೋಸೆಫ್‌ಗೆ ಮೊದಲ ದಿನದಿಂದಲೇ ಗೊತ್ತಿತ್ತು! ಪಟ್ಟಿ ಕಡಿಚ್ಚು, ನಾಯಿ ಕಚ್ಚಿತು ಎಂದಷ್ಟೇ ಅವರು ಎಲ್ಲರಿಗೂ ಹೇಳಿದ್ದರು. ಯಾವ ನಾಯಿ ಎಂದು ಆ ಕಟ್ಟಡದಲ್ಲಿ ಒಬ್ಬರೂ ಕೇಳಿರಲಿಲ್ಲ. ಇಂಚರಾಳೂ ಕೇಳಿರಲಿಲ್ಲ.

"ಜನ ಏಳುವ ಮೊದಲು ಅವನೇ ಅದನ್ನು ಟೆರೇಸಿಗೆ ಕರೆದುಕೊಂಡು ಹೋಗುತ್ತಿದ್ದ," ಎಂದರು ಶಾಲಿನಿ. "ನನ್ನ ಮೇಲಿನ ಮರ್ಯಾದೆಗೆ. ಆ ದಿನ ಲಿಫ್ಟ್ ಮೇಲೆ ಬರುವ ಸದ್ದು ಕೇಳಿ ನಾನು ಹೆದರಿ ಕೂಗಿದೆ. ಅವನು ಗಡಿಬಿಡಿಯಲ್ಲಿ ಕತ್ತಲ ಮೆಟ್ಟಿಲಿಗೆ ಎಳೆದುಕೊಂಡು ಹೋದ. ಕಟ್ಟುವಾಗ ಕಚ್ಚಿತು. ಆಸ್ಪತ್ರೆಗೆ ಹೋಗಿ ಬಂದ ಮೇಲೆ ನನ್ನನ್ನು ಕೇಳಿದ, ಚೇಚ್ಚಿ, ಇದಕ್ಕೆ ಇಂಜೆಕ್ಷನ್ ಎಲ್ಲ ಆಗಿದೆಯಲ್ಲ ಅಂತ."

"ನೀವೇನಂದ್ರಿ?"

"ಆಗಿದೆ ಅಂದೆ."

"ಆಗಿದೆಯಾ?"

ಅಡುಗೆಮನೆಯಲ್ಲಿ ಕುಕ್ಕರ್ ಒಮ್ಮೆ ಕೂಗಿ ಸುಮ್ಮನಾಯಿತು.

"ಗೊತ್ತಿಲ್ಲ," ಎಂದರು ಶಾಲಿನಿ. ಈ ಸಲ ಮುಖದಲ್ಲಿ ಯಾವ ನಗುವೂ ಉಳಿದಿರಲಿಲ್ಲ. "ಅಣ್ಣನ ಫೋನ್ ಸಿಗುತ್ತಿಲ್ಲ. ಆಗ ಏನಾದರೂ ಹೇಳಬೇಕಿತ್ತು, ಹೇಳಿಬಿಟ್ಟೆ. ಅವನು ಪಾಪ, ನಂಬಿದ. ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ."

"ನಾಯಿ ಈಗ ಎಲ್ಲಿ?" ಇಂಚರಾ ಒಳಕೋಣೆಯ ಕಡೆ ನೋಡಿದಳು. "ಹುಷಾರಾಗಿದೆಯಾ? ಊಟ ಮಾಡ್ತಿದೆಯಾ?"

"ಮೊನ್ನೆಯಿಂದ ನೀರು ಮುಟ್ಟಿಲ್ಲ." ಶಾಲಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ನನ್ನ ಗುರುತೇ ಸಿಗದ ಹಾಗೆ ನೋಡುತ್ತಿತ್ತು. ಭಾನುವಾರ ಎಲ್ಲರೂ ಸೇರುವ ಮೊದಲು ಕಳಿಸಿಬಿಡೋಣ ಅಂದುಕೊಂಡೆ. ಜೋಸೆಫೇ ಒಪ್ಪಿಕೊಂಡ. ಐಲ್ಯಾಂಡಿನಲ್ಲಿ ಅಣ್ಣನ ಸ್ನೇಹಿತರ ಹತ್ತಿರ ಬಿಡ್ತೀನಿ, ಅದಕ್ಕೂ ಮೊದಲು ನನ್ನ ಮನೆಯಲ್ಲಿ ಸ್ವಲ್ಪ ಗಂಜಿ ಕುಡಿಸಿ ನೋಡ್ತೀನಿ ಅಂದ. ನನ್ನ ಕಾರಿನಲ್ಲೇ ಕರೆದುಕೊಂಡು ಹೋದ. ಬೆಳಗ್ಗೆ."

ಆ ನಾಯಿಯೂ ಜೋಸೆಫೂ ಒಂದೇ ಕಾರಿನಲ್ಲಿ. ಬೆಳಗಿನ ಜಾವದಿಂದ!

ಆಗಲೇ ಇಂಚರಾಳ ಕೈಯಲ್ಲಿದ್ದ ಫೋನ್ ನಡುಗಿತು. ಯಜ್ಞನಾರಾಯಣ ಸರ್. ಅವಳು ಸ್ಪೀಕರ್ ಒತ್ತಿದಳು. ಮೊದಲು ಕೇಳಿದ್ದು ಸಮುದ್ರದ ಗಾಳಿ, ಆಮೇಲೆ ಸರ್ ಅವರ ಏದುಸಿರು.

"ಇಂಚರಾ, ಜೋಸೆಫನ ಮನೆ ಎದುರು ನಿಂತಿದ್ದೇನೆ. ಇಲ್ಲಿ ಎಂತದೋ ಸರಿ ಇಲ್ಲ. ಒಂದು ಬಿಳಿ ಕಾರು ಉಂಟು, ಹಿಂದಿನ ಬಾಗಿಲು ಹಾರು ಹೊಡೆದುಂಟು. ಸೀಟಿನಲ್ಲಿ ತುಂಡಾದ ಹಗ್ಗ."

"ನನ್ನ ಕಾರು," ಎಂದು ಶಾಲಿನಿ ಪಿಸುಗುಟ್ಟಿದರು.

"ಮನೆ ಬಾಗಿಲು?"

"ಒಳಗಿಂದ ಚಿಲಕ ಹಾಕಿದೆ. ಬೆಲ್ಲ ಮುಂದೆ ಹೆಜ್ಜೆ ಇಡುದಿಲ್ಲ, ನೋಡು. ರೋಮ ಎಲ್ಲ ಎದ್ದು ನಿಂತಿದೆ. ಯಾರಿಗೂ ಬೊಗಳದ ನಾಯಿ ಗುರ್ ಹೇಳ್ತಾ ಉಂಟು."

"ಸರ್, ಬೆಲ್ಲನ್ನ ದೂರ ಕಟ್ಟಿ. ಪಕ್ಕದ ಮನೆಯವರನ್ನ ಓಣಿಯಿಂದ ಆಚೆ ಕಳಿಸಿ, ಪೊಲೀಸರಿಗೆ, ಆಸ್ಪತ್ರೆಗೆ ಫೋನ್ ಮಾಡೋಕೆ ಹೇಳಿ. ನೀವು ಬಾಗಿಲು ತಳ್ಳಬೇಡಿ. ಒಳಗೆ ಏನಾದ್ರೂ ಕೇಳ್ತಿದೆಯಾ?"

"ಈಗ ಇಲ್ಲ. ನಾನು ಬರುವಾಗ ಪಾತ್ರೆ ಬಿದ್ದ ಸದ್ದು ಕೇಳಿತು. ಮತ್ತೆ ಅವನ ದನಿ ಒಮ್ಮೆ. ಈಗ ಎಲ್ಲ ತಣ್ಣಗೆ."

ಶಾಲಿನಿ ಎದ್ದು ಬಂದು ಇಂಚರಾಳ ತೋಳು ಹಿಡಿದುಕೊಂಡಿದ್ದರು. ಉಗುರು ಚುಚ್ಚುವಷ್ಟು ಬಿಗಿಯಾಗಿ.

"ಸರ್, ಕಿಟಕಿ ಇದೆಯಾ?"

"ಉಂಟು. ಕರ್ಟನ್ ಎಳೆದಿದ್ದಾನೆ."

"ಫೋನನ್ನು ಕಿಟಕಿಯ ಸರಳಿಗೆ ಹಿಡೀರಿ. ನೀವು ಪಕ್ಕಕ್ಕೆ ನಿಲ್ಲಿ."

ಏನೋ ಲೋಹಕ್ಕೆ ತಾಗಿದ ಶಬ್ದ. ಆಮೇಲೆ ಒಂದು ಕೋಣೆಯ ಒಳಗಿನ ನಿಶ್ಶಬ್ದ, ದೂರದಲ್ಲೆಲ್ಲೋ ತಿರುಗುವ ಫ್ಯಾನು. ಇಂಚರಾ ಫೋನನ್ನು ಬಾಯಿಯ ಹತ್ತಿರಕ್ಕೆ ತಂದಳು. ಕೂಗಬಾರದು, ಕೂಗಿದರೆ ನಾಯಿ ಕೆರಳುತ್ತದೆ. ಮನೆಯವರನ್ನು ಊಟಕ್ಕೆ ಕರೆಯುವಷ್ಟೇ ಮೆಲ್ಲನೆಯ ದನಿಯಲ್ಲಿ, ತನಗೆ ಬರುವ ಅಷ್ಟಿಷ್ಟು ಮಲಯಾಳದಲ್ಲಿ ಹೇಳಿದಳು:

"ಜೋಸೆಫೇಟ್ಟಾ, ನಾನು ಇಂಚರಾ. ಬಾಗಿಲು ತೆಗೆಯಬೇಡಿ, ಎದ್ದು ಬರಲೂಬೇಡಿ. ಇದ್ದೀರಿ ಅಂತ ಒಂದು ಮಾತು ಹೇಳಿ, ಸಾಕು."

ಫ್ಯಾನು ತಿರುಗುತ್ತಲೇ ಇತ್ತು.